ಪ್ರಾಕ್ಟಿಕಲ್ ದಿನದ ಬಿಕ್ಕು

ಏಪ್ರಿಲ್ ಒಂಬತ್ತು, ಬುಧವಾರ, ಬೆಳಗ್ಗೆ ಎಂಟೂವರೆ. ಚಿಕ್ಕೋಡಿಯ ನಮ್ಮ ಹಾಸ್ಟೆಲ್‌ನಲ್ಲಿ ಅವಲಕ್ಕಿ ತಿನ್ನುತ್ತಿದ್ದಾಗ ನನ್ನ ರೂಮ್‌ಮೇಟ್‌ಗೆ ಬಿಕ್ಕು ಹತ್ತಿತು. ಹತ್ತು ಗಂಟೆಗೆ ಬಿ.ಎಸ್ಸಿ. ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ.

ಆಕೆ ಅಥಣಿ ಕಡೆಯ ಸತ್ತಿ ಎಂಬ ಊರಿನವಳು. ಕೃಷ್ಣೆಯಲ್ಲಿ ಈಜಿ ಬೆಳೆದವಳು, ಹಾಯುವ ಎಮ್ಮೆಗೂ ಹೆದರದವಳು. ಬ್ಯುರೆಟ್ ನೆನೆದರೆ ಮಾತ್ರ ಹೆದರಿ ಬಿಕ್ಕಳಿಸತೊಡಗುತ್ತಾಳೆ. ಬ್ಯುರೆಟ್ ಎಂದರೆ ತುದಿಯಲ್ಲಿ ಪುಟ್ಟ ನಲ್ಲಿಯಿರುವ ಉದ್ದನೆಯ ಗಾಜಿನ ಕೊಳವೆ. ಅದರಿಂದ ಕ್ಷಾರವನ್ನು ಹನಿಹನಿಯಾಗಿ ಬಿಡುತ್ತ, ಕೆಳಗಿನ ಫ್ಲಾಸ್ಕಿನ ಆಮ್ಲ ತಿಳಿ ಗುಲಾಬಿಯಾದ ಕ್ಷಣಕ್ಕೇ ನಿಲ್ಲಿಸಬೇಕು; ಇದೇ ಟೈಟ್ರೇಶನ್. ಬಿಕ್ಕಿಗೆ ಕೈ ಅದುರಿದರೆ ಹೆಚ್ಚು ಹನಿ ಬಿದ್ದು ಬಣ್ಣ ಗಾಢವಾಗುತ್ತದೆ, ಲೆಕ್ಕ ಕೆಡುತ್ತದೆ. ಹಿಂದೆ ಒಮ್ಮೆ ಹಾಗೆಯೇ ಆಕೆ ಇದೇ ಪ್ರಾಕ್ಟಿಕಲ್‌ನಲ್ಲಿ ಫೇಲಾಗಿದ್ದಳು. ಈ ಸಲವೂ ಹೋದರೆ ನಾವೆಲ್ಲ ಪದವಿ ಮುಗಿಸಿ ಹೊರಟಾಗ ಆಕೆಯೊಬ್ಬಳು ಹಿಂದುಳಿಯಬೇಕಿತ್ತು.

ನಮ್ಮ ಕಡೆ ಬಿಕ್ಕು ಬಂದರೆ ಯಾರೋ ನೆನೆಯುತ್ತಿದ್ದಾರೆ ಎನ್ನುತ್ತಾರೆ. ಅದು ಯಾರೆಂದು ಸರಿಯಾಗಿ ಹೇಳಿದರೆ ನಿಲ್ಲುತ್ತದಂತೆ. ಗಡಿಯೂರು ಕೊಗನೊಳ್ಳಿಯ ನಮ್ಮ ಮನೆಯಲ್ಲಿ ಬಿಕ್ಕಿಗೆ ಮರಾಠಿಯಲ್ಲಿ ಉಚಕಿ ಅಂದರೂ ಔಷಧ ಇದೇ. ಎಲ್ಲವನ್ನೂ ಬರೆದಿಡುವ ಚಟದ ನಾನು, ಯಾರನ್ನು ಹೇಳಿದಾಗ ಆಕೆಯ ಬಿಕ್ಕು ನಿಂತಿತು ಎಂದು ಆ ಸೆಮಿಸ್ಟರ್ ಪೂರ್ತಿ ಗೆರೆ ಎಳೆದು ಲೆಕ್ಕವಿಟ್ಟಿದ್ದೆ. ಆಕೆಯ ಸೋದರತ್ತೆಗೆ ಆರು, ಅವ್ವನಿಗೆ ನಾಲ್ಕು, ಮನೆಯ ಎಮ್ಮೆಗೆ ಎರಡು.

ಕಾಲೇಜಿನ ದಾರಿಯುದ್ದಕ್ಕೂ ಕೇಳುತ್ತ ಹೋದೆ.

"ಅವ್ವ?"

"ಹಿಕ್... ಅಲ್ಲ."

"ಅತ್ತಿ?"

"ಆಕಿ ಈಗ ದ್ರಾಕ್ಷಿ ತ್ವಾಟದಾಗ ಆಳಿನ ಜೋಡಿ ಜಗಳಾಡಾಕತ್ತಿರ್ತಾಳ. ನನ್ನ್ ನೆನಸಾಕ ಪುರಸೊತ್ತ ಎಲ್ಲೈತಿ? ಹಿಕ್!"

"ಹಂಗಾರ ಎಮ್ಮಿ?"

"ನಗಸಬ್ಯಾಡ ಬೇ, ನಕ್ಕರ ಇನ್ನೂ ಜೋರ ಆಗ್ತಾವು!"

ಲ್ಯಾಬಿನಲ್ಲಿ ಆಕೆಯದು ನನ್ನ ಪಕ್ಕದ ಮೇಜು. ಮೊದಲ ಸಲ ಫ್ಲಾಸ್ಕ್ ಗಾಢ ಗುಲಾಬಿಯಾಯಿತು. ಎರಡನೆಯ ಸಲವೂ ಅಷ್ಟೇ. ಆಕೆಯ ಕಣ್ಣು ತುಂಬಿದವು. ಅಷ್ಟರಲ್ಲಿ ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು, ನಿಪ್ಪಾಣಿ ಕಡೆಯ ಹಿರಿಯ ಸರ್, ಮೇಜಿನ ಎದುರು ಬಂದು ನಿಂತರು.

"ಏನ್ ತಂಗಿ, ಟೈಟ್ರೇಶನ್ ಮಾಡಾಕತ್ತೀಯೋ, ರಂಗಪಂಚಮಿ ಬಣ್ಣ ಆಡಾಕತ್ತೀಯೋ?"

"ಸರ್, ಹಿಕ್... ಬಿಕ್ಕು ಹತ್ತ್ಯಾವ್ರಿ."

"ಯಾರೋ ನೆನಸಾಕತ್ತಾರ. ಯಾರಂತ ಹೇಳಿ ನೋಡು."

"ಮುಂಜಾನಿಂದ ಎಲ್ಲಾರ್ನೂ ಹೇಳೀನ್ರಿ. ಎಮ್ಮಿ ಸುದ್ದಾ ಆತ್ರಿ."

ಅಕ್ಕಪಕ್ಕದ ಮೇಜುಗಳಲ್ಲಿ ಕಿಸಕ್ಕೆಂದರು. ಸರ್ ನಗಲಿಲ್ಲ.

"ಇನ್ನ ಯಾರ್ ಉಳದಾರ?"

ಆಕೆ ಅವರ ಮುಖವನ್ನೇ ನೋಡಿದಳು. "ಹಂಗಾರ... ನೀವ ಏನ್ರಿ ಸರ್?"

"ಸಿಕ್ಕಬಿದ್ದೆ ನೋಡು ನಾ!" ಎಂದರು ಸರ್. "ಬಸ್ಸಿನ್ಯಾಗ ಕುಂತಾಗಿಂದ ನೆನಸಾಕತ್ತೀನಿ, ಇವತ್ತ ಯಾರ್ ಬ್ಯುರೆಟ್ ಒಡೀತಾರಪ್ಪಾ ಅಂತ!"

ಇಡೀ ಲ್ಯಾಬು ನಕ್ಕಿತು. ಆಕೆ ಕಣ್ಣೊರೆಸಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕಳು. ಮುಂದಿನ ಬಿಕ್ಕಿಗಾಗಿ ನಾವು ಕಿವಿಗೊಟ್ಟು ಕಾದೆವು. ಬರಲಿಲ್ಲ.

"ಈಗ ಮಾಡು. ನಾ ಆ ಕಡಿ ಹೋಗ್ತೀನಿ. ಇಲ್ಲೇ ನಿಂತರ ಮತ್ತ ನೆನಪಾಗ್ತೀ."

ಆಕೆ ಫ್ಲಾಸ್ಕ್ ತೊಳೆದು ಹೊಸದಾಗಿ ಶುರು ಮಾಡಿದಳು. ಹನಿ ಬಿತ್ತು, ನಿಂತಿತು, ಮತ್ತೊಂದು ಬಿತ್ತು. ಕಿಟಕಿಯ ಬೆಳಕಿಗೆ ಫ್ಲಾಸ್ಕ್ ಎತ್ತಿ ನನ್ನ ಕಡೆ ತಿರುಗಿಸಿದಳು. ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ ಗುಲಾಬಿ. ಮುಂದಿನ ಎರಡು ಸಲವೂ ಅದೇ ಅಳತೆ ಬಂತು. ಆ ಸಂಭ್ರಮದಲ್ಲಿ ನನ್ನದೇ ಒಂದು ಅಳತೆ ತಪ್ಪಿತು, ಅದಿರಲಿ.

ಆಕೆ ಪಾಸಾದಳು. ಫಲಿತಾಂಶ ನೋಡಿದವಳೇ ಫೋನಿನಲ್ಲಿ "ಅತ್ತೀ, ಹೋತ ನೋಡು ಪೀಡಾ!" ಎಂದು ಕೂಗಿದ್ದಕ್ಕೆ ಹಾಸ್ಟೆಲ್ ತುಂಬ ಬಾಗಿಲು ತೆರೆದವು. ಈಗ ಇಬ್ಬರೂ ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದೇವೆ.

ಹೆದರಿಕೆಗೂ ಬಿಕ್ಕಿಗೂ ಏನು ನಂಟು, ದಾರಿಯಲ್ಲಿ ನಗುವಿನಿಂದ ಹೆಚ್ಚಾದದ್ದು ಲ್ಯಾಬಿನಲ್ಲಿ ನಗುವಿನಿಂದಲೇ ಹೇಗೆ ನಿಂತಿತು, ನನಗೆ ಗೊತ್ತಿಲ್ಲ. ಅಥಣಿ, ಕಾಗವಾಡ, ರಾಯಬಾಗ ಕಡೆಯವರಾಗಲಿ, ಬೇರೆಯವರಾಗಲಿ, ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಸ್ವಲ್ಪ ಬೇಗ ಬರೆಯಿರಿ. ಹಾಲ್ ಟಿಕೆಟ್ ಬಂದಿದೆ, ನಿನ್ನೆ ಅದನ್ನು ನೋಡಿದಾಗಿನಿಂದ ಬಿಕ್ಕು ನನಗೆ ಹತ್ತಿದೆ.