ಗಿರಣಿ ಅಕ್ಕ ಹಾಕಿಸಿಕೊಂಡ ಸೂಜಿ

ಗಿರಣಿ ಅಕ್ಕನಿಗೆ ಉಬ್ಬಸವಿರುವುದು ಬೀದಿಗೆಲ್ಲ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದವಳು ಅವಳೊಬ್ಬಳೇ. ಬೆಳಿಗ್ಗೆ ಸಂಜೆ ಗಿರಣಿಯ ಮೋಟಾರು ಹಾಕಿ, ಬೆಲ್ಟಿನ ಪಟಪಟ ಸದ್ದಿನಲ್ಲಿ ಗೋಡೆಗೆ ಮುಖಮಾಡಿ, ಉಬ್ಬಸದ ಪಂಪು ಬಾಯಿಗಿಟ್ಟು ಮದ್ದು ಎಳೆದುಕೊಳ್ಳುತ್ತಿದ್ದಳು.

ಗಂಡ ಸತ್ತ ಮೇಲೆ ಹಿಟ್ಟಿನ ಗಿರಣಿ ಅವಳ ಕೈಗೆ ಬಂದಿತ್ತು. ಹಿಟ್ಟಿನ ಧೂಳು ಅವಳ ಎದೆಗೆ ಆಗದು, ಅದನ್ನು ಮುಚ್ಚಿಸಬೇಕೆಂದು ಅವಳ ಅಣ್ಣ ಪಟ್ಟು ಹಿಡಿದಿದ್ದ. ಕೆಟ್ಟವನಲ್ಲ, ಪುಕ್ಕಲ. ಕಳೆದ ಚಳಿಗಾಲದಲ್ಲಿ ಫ್ಲೂ ಜ್ವರ ಎದೆಗಿಳಿದು ಅವಳು ಆಸ್ಪತ್ರೆ ಸೇರಿದಾಗ ಹಾಸಿಗೆಯ ಪಕ್ಕ ಕೂತಿದ್ದವನು ಅವನೇ. ಮನೆಗೆ ಕರೆತಂದ ದಿನ ಹೇಳಿದ್ದ: "ಇನ್ನೊಂದ್ಸಲ ಹೀಗಾದ್ರೆ ಗಿರಣಿಗೆ ನಾನೇ ಬೀಗ ಹಾಕ್ತೀನಿ."

ಈ ವರ್ಷ ಚಳಿಗೆ ಮೊದಲೇ ಅವಳು ಹೇಳಿದಳು: "ಫ್ಲೂಗೆ ಸೂಜಿ ಇದೆಯಂತೆ. ಹಾಕಿಸ್ಕೊಳ್ತೀನಿ."

"ದಮ್ಮಿರೋರಿಗೆ ಸೂಜಿ ಆಗಲ್ಲ ಕಣೇ. ಇರೋ ಉಸಿರೂ ಕಟ್ಟುತ್ತೆ."

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರೆ."

"ಎಲ್ರೂ ಬಂದು ನನ್ನ ಉಸಿರು ಎಳೀತಾರಾ?"

ಒಬ್ಬಳೇ ಆಸ್ಪತ್ರೆಗೆ ಹೋದಳು. ಹಿಂದೆ ಯಾವ ಮದ್ದಾದರೂ ಮೈಗೆ ಒಗ್ಗದೆ ಹೋಗಿತ್ತೇ ಎಂದು ನರ್ಸಮ್ಮ ವಿಚಾರಿಸಿದಳು. "ಉಬ್ಬಸ ಇರೋರಿಗೆ ಇದು ಬೇಕೇಬೇಕು ಅಕ್ಕ. ಒಂದೆರಡು ದಿನ ತೋಳು ನೋಯುತ್ತೆ, ಮೈ ಬಿಸಿಯಾಗಬಹುದು," ಎಂದು ಚುಚ್ಚಿ, ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂರಿಸಿ ಕಳಿಸಿದಳು. ಏನೂ ಆಗಲಿಲ್ಲ.

ಆದದ್ದು ಆಮೇಲೆ. ಗಿರಣಿಯಲ್ಲಿ ಒಂದು ಕ್ರಮವಿದೆ: ಜೋಳ ಬೀಸಿದ ಕಲ್ಲಿಗೆ ನೇರವಾಗಿ ಗೋಧಿ ಸುರಿಯುವುದಿಲ್ಲ. ಮೊದಲಿನದು ಪೂರ್ತಿ ಇಳಿಯಬೇಕು, ಒಂದು ಹಿಡಿ ತೌಡು ಹಾಯಿಸಬೇಕು, ಆಮೇಲೆ ಎರಡನೆಯದು. ಆ ಲೆಕ್ಕದಲ್ಲಿ ಅವಳು ಸೂಜಿಯ ಮದ್ದು ಮೊದಲು ಮೈಗೆ ಇಳಿಯಲೆಂದು ಪಂಪನ್ನು ಕಪಾಟಿನೊಳಗಿಟ್ಟಳು. ಯಾರನ್ನೂ ಕೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳ ಎದೆ ಸುಂಯ್‌ಗುಟ್ಟುತ್ತಿತ್ತು. ಮಾತು ತುಂಡು ತುಂಡಾಗಿ ಬರುತ್ತಿತ್ತು.

ಸುದ್ದಿ ತಿಳಿದ ಅಣ್ಣ ಹೊಸ ಬೀಗ ಹಿಡಿದೇ ಬಂದ. "ಹೇಳಿದ್ನೋ ಇಲ್ವೋ?"

"ಬೀಗ... ಆಮೇಲೆ. ಮೊದ್ಲು... ಆಸ್ಪತ್ರೆಗೆ ನಡಿ."

ಡಾಕ್ಟರು ಎದೆ ಪರೀಕ್ಷಿಸಿ ಮದ್ದಿನ ಹಬೆ ಕೊಡಿಸಿದರು. ಉಸಿರು ಹದಕ್ಕೆ ಬಂದ ಮೇಲೆ ನರ್ಸಮ್ಮ ಕೇಳಿದಳು: "ಪಂಪು ತಗೋತಿದ್ರಿ ತಾನೆ?"

"ಇಲ್ಲ. ಸೂಜಿ ಮದ್ದು ಮೊದ್ಲು ಇಳೀಲಿ ಅಂತ ಬಿಟ್ಟೆ. ಗಿರಣೀಲಿ ಹಾಗೇ ಮಾಡೋದು."

"ನಿಮ್ಮೆದೆ ಗಿರಣಿ ಅಲ್ಲ ಅಕ್ಕ. ಸೂಜಿ ಹಾಕಿಸ್ಕೊಂಡ್ರೂ ಪಂಪು ಬಿಡಬಾರದು. ಇದು ಪಂಪು ಬಿಟ್ಟಿದ್ದಕ್ಕೇ ಆಗಿದ್ದು. ಮೂಗಿಗೆ ಬಟ್ಟೇನಾದ್ರೂ ಕಟ್ಕೊಳ್ತೀರಾ, ಹಿಟ್ಟಿನ ಧೂಳಿಗೆ?"

"ಇವತ್ತಿಂದ ಕಟ್ತೀನಿ."

ಅಣ್ಣ ನೆಲ ನೋಡುತ್ತಿದ್ದ. ಅವಳು ಅವನತ್ತ ಕೈಚಾಚಿದಳು. "ಆ ಬೀಗ ಕೊಡು ಇಲ್ಲಿ. ನಮ್ಮ ಹಳೇದು ಸವೆದುಹೋಗಿದೆ."

ಮರುದಿನ ಗಿರಣಿಯ ಮುಂದೆ ಡಬ್ಬಗಳು ಸಾಲಾಗಿದ್ದವು. ಅವಳು ಮೋಟಾರು ಹಾಕಲಿಲ್ಲ. ಬೀದಿಗೆ ಮುಖಮಾಡಿ ನಿಂತು, ಪಂಪು ಚೆನ್ನಾಗಿ ಅಲ್ಲಾಡಿಸಿ, ಎಲ್ಲರ ಕಣ್ಣೆದುರೇ ಎಳೆದು ಉಸಿರು ಹಿಡಿದಳು.

"ಏನಕ್ಕ ಅದು?" ಎಂದಳು ಪಕ್ಕದ ಮನೆಯವಳು, ಗೊತ್ತಿದ್ದೂ.

"ಉಬ್ಬಸದ ಪಂಪು. ಸೂಜೀನೂ ಹಾಕಿಸ್ಕೊಂಡಿದೀನಿ. ನೋಡಿದ್ದಾಯ್ತಾ? ಡಬ್ಬ ಮುಂದಿಡು."

ಅಣ್ಣ ಬಾಗಿಲಲ್ಲಿ ನಿಂತಿದ್ದ. ಅವಳು ಮೂಗಿಗೆ ಬಟ್ಟೆ ಬಿಗಿದುಕೊಳ್ಳುತ್ತ ಅವನಿಗೂ ಒಂದು ಮಾತು ಹಾಕಿದಳು: "ನೀನೂ ಹೋಗಿ ಹಾಕಿಸ್ಕೊ. ಹೆದರಿಕೆಯಾದ್ರೆ ಹೇಳು, ಕೈ ಹಿಡ್ಕೊಳ್ಳೋಕೆ ನಾನು ಬರ್ತೀನಿ."

ಮೋಟಾರು ಹಾಕಿದಳು.