ಅತ್ತೆಯ ಕೆಮ್ಮು

ಧಾರವಾಡದ ಮಾಳಮಡ್ಡಿಯಲ್ಲಿ ರೊಟ್ಟಿ ಬೇಕೆಂದರೆ ಜನ ದಾಕ್ಷಾಯಿಣಿಯ ಮನೆಗೆ ಬರುತ್ತಿದ್ದರು. ಆದರೆ ಆ ರೊಟ್ಟಿಗೆ ಹೆಸರು ತಂದವಳು ಅವಳ ಅತ್ತೆ ಶಿವಬಸವ್ವ. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು, ಕಟ್ಟಿಗೆ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿದೇ ಮಗ ಶಂಭುಲಿಂಗನನ್ನು ಓದಿಸಿದವಳು. ಸೊಸೆಗೆ ಹಿಟ್ಟು ನಾದುವ ಹದ ಕಲಿಸಿದವಳೂ ಆಕೆಯೇ.

ವರ್ಷಗಟ್ಟಲೆ ಕುಡಿದ ಹೊಗೆ ಎದೆಯಲ್ಲಿ ಕೂತಿತು. ಬೆಳಗಾದರೆ ಕೆಮ್ಮು, ಕಫ. ಚಳಿಗಾಲದಲ್ಲಿ ಇನ್ನೂ ಜೋರು. ಬ್ರಾಂಕೈಟಿಸ್ ಎಂದು ಡಾಕ್ಟರು ಹೇಳಿದ್ದರು. ಒಂದು ದಿನ ರೊಟ್ಟಿ ಒಯ್ಯಲು ಬಂದ ಹೆಣ್ಣುಮಗಳೊಬ್ಬಳು ಒಳಗಿನ ಕೆಮ್ಮು ಕೇಳಿ, "ಇವು ಆ ಅಜ್ಜಿ ಬಡದ ರೊಟ್ಟಿ ಏನ್ರಿ?" ಎಂದವಳು ಬರಿಗೈಯಲ್ಲಿ ಹೋದಳು.

ಅಂದೇ ದಾಕ್ಷಾಯಿಣಿ ಅತ್ತೆಯ ಹಾಸಿಗೆಯನ್ನು ಹಿತ್ತಲ ಕೋಣೆಗೆ ಸಾಗಿಸಿದಳು. "ಅಲ್ಲಿ ನಿಮಗೂ ಆರಾಮ ಆಗ್ತೈತ್ರಿ, ಅತ್ತಿ" ಎಂದಳು.

"ಆತು ಬಿಡವಾ" ಎಂದಷ್ಟೇ ಹೇಳಿ ಶಿವಬಸವ್ವ ಎದ್ದುಹೋದಳು. ಮೊಮ್ಮಗಳು ಮಾಯಾ ಅಜ್ಜಿಯ ಕಡೆ ಓಡಿದರೆ ದಾಕ್ಷಾಯಿಣಿ ರಟ್ಟೆ ಹಿಡಿದು ಎಳೆಯುತ್ತಿದ್ದಳು: "ಹೋಗಬ್ಯಾಡ, ಆ ಕೆಮ್ಮು ನಿನಗೂ ಹತ್ತತೈತಿ."

ದೀಪಾವಳಿ ಕಳೆದ ಮೇಲೆ ಗದಗಿಗೆ ಮದುವೆಗೆ ಹೋಗಿ ಬಂದ ದಾಕ್ಷಾಯಿಣಿಗೆ ನೆಗಡಿ, ಮೈಕೈ ನೋವು, ಕೆಮ್ಮು. ಅದನ್ನು ಅವಳು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮೂಗೊರೆಸಿದ ಕೈಯಲ್ಲೇ ಅತ್ತೆಗೆ ಚಹಾ ಕೊಟ್ಟಳು. ಕೆಮ್ಮುತ್ತಲೇ ಪಕ್ಕದಲ್ಲಿ ಕೂತು ಮದುವೆಯ ಸುದ್ದಿ ಹೇಳಿದಳು. ಕೆಲವೇ ದಿನಗಳಲ್ಲಿ ಶಿವಬಸವ್ವನಿಗೆ ಜ್ವರ ಏರಿತು. ಉಸಿರು ಸಿಗದೆ ತುಟಿ ನೀಲಿಗಟ್ಟಿದಾಗ ಗಂಡಹೆಂಡತಿ ಆಕೆಯನ್ನು ಆಟೋದಲ್ಲಿ ಸತ್ತೂರಿನ ಆಸ್ಪತ್ರೆಗೆ ಒಯ್ದರು.

"ಮನ್ಯಾಗ ಯಾರಿಗರೆ ನೆಗಡಿ ಆಗಿತ್ತೇನ್ರಿ?" ಡಾಕ್ಟರ್ ಋತುಜಾ ಕೇಳಿದರು.

"ನನಗ ಆಗಿತ್ರಿ. ಇವರ ಕೆಮ್ಮ ನನಗ ಹತ್ತಿರಬೇಕ್ರಿ."

"ಇಲ್ರಿ. ಇವರದು ಹೊಗಿಯಿಂದ ಬಂದ ಹಳೇ ಬ್ರಾಂಕೈಟಿಸ್, ಅದು ಯಾರಿಗೂ ಹತ್ತಂಗಿಲ್ಲ. ನೆಗಡಿ ಜೋಡಿ ಹೊಸದಾಗಿ ಬರೋ ಕೆಮ್ಮು ಬ್ಯಾರೆ. ಅದರ ವೈರಸ್ಸು ಕೆಮ್ಮಿದ್ರ, ಸೀನಿದ್ರ, ಕೈಯಿಂದನೂ ಹರಡತೈತಿ. ನಿಮಗ ಬರೇ ನೆಗಡಿ ಆಗಿ ಹೋತು. ಇಂಥಾ ಎದಿಗೆ ಅದು ಭಾಳ ಭಾರ ಆಗತೈತಿ."

ದಾಕ್ಷಾಯಿಣಿಗೆ ಮುಖ ಎತ್ತಲಾಗಲಿಲ್ಲ. ಹತ್ತದ ಕೆಮ್ಮಿಗೆ ಹೆದರಿ ಅತ್ತೆಯನ್ನು ದೂರವಿಟ್ಟಿದ್ದಳು. ಹತ್ತುವ ಕೆಮ್ಮನ್ನು ತಾನೇ ಒಯ್ದು ಕೊಟ್ಟಿದ್ದಳು.

ಶಿವಬಸವ್ವ ಉಳಿದಳು. ಆಕ್ಸಿಜನ್ ತೆಗೆದ ದಿನ ದಾಕ್ಷಾಯಿಣಿ ಆಕೆಯ ಮಗ್ಗುಲಲ್ಲಿ ಕೂತು, "ಇದು ನನ್ನಿಂದನ ಆತ್ರಿ, ಅತ್ತಿ" ಎಂದಳು.

"ನೆಗಡಿ ಹೇಳಿ ಕೇಳಿ ಬರ್ತೈತೇನು?" ಎಂದಳು ಮುದುಕಿ. ಆಮೇಲೆ, "ಕೂಸಿನ್ನ ನೋಡಿ ಭಾಳ ದಿನ ಆತು" ಎಂದಳು. ಬೈದಿದ್ದರೆ ದಾಕ್ಷಾಯಿಣಿ ತಡೆದುಕೊಳ್ಳುತ್ತಿದ್ದಳು.

ಮನೆಯಲ್ಲಿ ಈಗ ಕಟ್ಟಿಗೆ ಒಲೆ ಇಲ್ಲ, ಗ್ಯಾಸಿದೆ. ಅತ್ತೆಯ ಹಾಸಿಗೆ ಪಡಸಾಲೆಗೆ ಬಂದಿದೆ. ಮಾಯಾ ಅಲ್ಲಿಯೇ ಮಲಗುತ್ತಾಳೆ. ಆದರೆ ರೊಟ್ಟಿಗೆಂದು ಯಾರಾದರೂ ಬಾಗಿಲಿಗೆ ಬಂದರೆ ಶಿವಬಸವ್ವ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮು ನುಂಗುತ್ತಾಳೆ.

"ಯಾಕ ತಡಕೋತೀರಿ ಅತ್ತಿ, ಕೆಮ್ಮರಿ" ಎಂದು ದಾಕ್ಷಾಯಿಣಿ ಬಂದವರ ಎದುರೇ ಹೇಳುತ್ತಾಳೆ. ಮುದುಕಿ ತಲೆಯಾಡಿಸುತ್ತಾಳೆ. ಕೆಮ್ಮುವುದಿಲ್ಲ.