ಗಂಗೆಪೂಜೆಯ ಬಿಂದಿಗೆ

ದೆವ್ವ, ಮೈದುಂಬುವುದು, ದೇವರ ಅಪ್ಪಣೆ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವ ಪೈಕಿ. ಕೆಮಿಸ್ಟ್ರಿ ಓದಿದವನು ಎಂಬ ಕಾರಣಕ್ಕಷ್ಟೇ ಅಲ್ಲ, ದೇವರ ಹೆಸರಿನಲ್ಲಿ ನಡೆದ ಒಂದು ಹೊಲಸು ಕೆಲಸವನ್ನು ಹತ್ತಿರದಿಂದ ನೋಡಿದವನು. ಆದರೆ ಆ ಹೊಲಸಿನ ನಡುವೆಯೇ ನಡೆದ ಒಂದು ಸಂಗತಿ ನನಗೆ ಇವತ್ತಿಗೂ ಬಗೆಹರಿದಿಲ್ಲ. ನಂಬಿ ಎಂದು ನಾನು ಕೇಳುತ್ತಿಲ್ಲ. ನಂಬಿಸುವ ಚಪಲವಿದ್ದಿದ್ದರೆ ಇದಕ್ಕಿಂತ ಚೆನ್ನಾದ ಕಥೆಯನ್ನೇ ಕಟ್ಟುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ನಂಜನಗೂಡು ತಾಲ್ಲೂಕಿನ ಒಂದು ಕ್ರೋಮೈಟ್ ಗಣಿಯಲ್ಲಿ ಕೊಳಕು ನೀರನ್ನು ಶುದ್ಧ ಮಾಡುವ ಉಸ್ತುವಾರಿ ನನ್ನದು. ತಿ. ನರಸೀಪುರದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಗಣಿಯ ಗುಂಡಿಯಲ್ಲಿ ನಿಂತ ನೀರು ಹಳದಿ. ಆ ಹಳದಿಯೇ ವಿಷ. ಅದಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಹಾಕಿ, ಆಮೇಲೆ ಸುಣ್ಣ ಕಲಸಿ ಬಿಟ್ಟರೆ ವಿಷವೆಲ್ಲ ರಾಡಿಯಾಗಿ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿನೀರನ್ನು ಹೊರಗೆ ಬಿಡಬಹುದು. ಆ ರಾಡಿಯೋ, ನೆಗಡಿಯಾದ ಮಗುವಿನ ಗೊಣ್ಣೆಯ ಹಾಗೆ ಹಸಿರುಗಟ್ಟಿ ಕೈಗೆ ಅಂಟುತ್ತಿತ್ತು. ಎಷ್ಟು ಸೋಪು ಹಚ್ಚಿದರೂ, ಊಟಕ್ಕೆ ಕೂತಾಗ ಉಗುರಿನ ಸಂದಿಯಲ್ಲಿ ಇನ್ನೂ ಇದೆ ಅನ್ನಿಸಿ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅದನ್ನಾದರೂ ಸಹಿಸಬಹುದಿತ್ತು. ನಮ್ಮ ಮ್ಯಾನೇಜರ್ ದಂಡದ ಖರ್ಚು ಎಂದು ಅನ್ನಭೇದಿ ತರಿಸುವುದನ್ನೇ ನಿಲ್ಲಿಸಿಬಿಟ್ಟ. ಹಳದಿ ನೀರು ಹಾಗೇ ಹೊಂಡದಲ್ಲಿ ನಿಂತಿತು. ಹೊಂಡಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ಹರಿದು ಎಷ್ಟೋ ಕಾಲವಾಗಿತ್ತು. ಗಣಿಯ ಕೆಳಗೆ ಒಂದು ಸಣ್ಣ ಕೊಪ್ಪಲು, ಕೊಪ್ಪಲಿಗೆ ಒಂದೇ ಬಾವಿ. ಗೌರಿ ಹಬ್ಬದ ಆಸುಪಾಸಿನಲ್ಲಿ ಆ ಬಾವಿಯ ನೀರು ಹಳದಿಗೆ ತಿರುಗಿತು.

ಬೇರೆ ಕಡೆಯಾಗಿದ್ದರೆ ಜನ ಹೆದರುತ್ತಿದ್ದರು. ಇಲ್ಲಿ ಕೈ ಮುಗಿದರು. ಬಾಣಂತಿ ಮೊದಲ ಸಲ ನೀರಿಗೆ ಬಂದಾಗ ಬಾವಿಗೆ ಅರಿಶಿನ ಹಾಕಿ ಗಂಗೆಪೂಜೆ ಮಾಡುವುದು ವಾಡಿಕೆ. ಹಾಗಾಗಿ ಹಳದಿ ನೀರು ಕಂಡವರಿಗೆ, ಗಂಗಮ್ಮ ತಾನೇ ಅರಿಶಿನ ಹಚ್ಚಿಕೊಂಡು ಮಿಂದಿದ್ದಾಳೆ ಅನ್ನಿಸಿತು. ಕೈಕಾಲಿಗೆ ಕಜ್ಜಿ ಎದ್ದರೆ ಅದಕ್ಕೂ ಆ ನೀರನ್ನೇ ಹಚ್ಚತೊಡಗಿದರು. ಮ್ಯಾನೇಜರ್ ಕಿವಿಗೆ ಇದು ಬಿದ್ದದ್ದೇ ತಡ, ಗಂಗಮ್ಮನಿಗೆ ಸೀರೆ, ಕುಂಕುಮ, ಬಾಳೆಗೊನೆ ಕಳಿಸಿದ! ನೀರನ್ನು ಪರೀಕ್ಷೆ ಮಾಡಿ ಅವನ ಮುಂದೆ ಹಿಡಿದರೆ, “ಜನರ ಭಕ್ತಿಗೆ ಯಾಕ್ರೀ ಅಡ್ಡ ಬರ್ತೀರಿ?” ಎಂದ. ಆ ಮುಖಕ್ಕೆ ಉಗಿಯಬೇಕು ಅನ್ನಿಸಿತು.

ನಾನು ಕೊಪ್ಪಲಿಗೇ ಹೋಗಿ ಇದು ವಿಷ, ಕುಡಿಯಬೇಡಿ ಎಂದು ಬಾಯಿಬಿಟ್ಟು ಹೇಳಿದೆ. ಒಂದು ಸಲವಲ್ಲ, ಹತ್ತಾರು ಸಲ. ಪುಟ್ಟಮಾದಮ್ಮ ಎಂಬ ಹಿರಿಯ ಹೆಂಗಸು ನನ್ನ ಮೇಲೆ ಮರುಕಪಟ್ಟು, “ತಾಯಿ ಅರಿಸ್ನವ ಇಸ ಅನ್ಬ್ಯಾಡಿ ಸಾ, ಒಳ್ಳೇದಾಗಕಿಲ್ಲ” ಎಂದರು. ಹೆರಿಗೆಗೆ ಬಂದಿದ್ದ ಅವರ ಮಗಳು ಮಾದೇವಿ ಕೂಸನ್ನು ಎತ್ತಿಕೊಂಡು ಬಾಗಿಲ ಸಂದಿಯಿಂದ ಕೇಳಿಸಿಕೊಳ್ಳುತ್ತಿದ್ದಳು. ಬರುವ ಸೋಮವಾರ ಅವಳ ಗಂಗೆಪೂಜೆ. ಅವತ್ತು ತಂದ ನೀರನ್ನು ಬಾಣಂತಿ ಕುಡಿಯಬೇಕು, ಕೂಸಿನ ತುಟಿಗೂ ಮುಟ್ಟಿಸಬೇಕು.

ಸೋಮವಾರ ಮನಸ್ಸು ತಡೆಯದೆ ಹೋದೆ. ಬೆಳಗಿನ ಒಳ್ಳೆಯ ಬಿಸಿಲು. ಪೂಜೆ ಮುಗಿಸಿ ಮಾದೇವಿ ನೀರು ಸೇದಿ ಹಿತ್ತಾಳೆ ಬಿಂದಿಗೆ ತುಂಬಿದಳು. ಅವರ ಮನೆತನದ ಪದ್ಧತಿಯಂತೆ ಈ ಮೊದಲ ಬಿಂದಿಗೆಯನ್ನು ತಲೆಗೆ ಎತ್ತಿಕೊಡಲು ಮನೆಯವರು ಕೈ ಹಾಕುವಂತಿಲ್ಲ, ಹೊರಗಿನವರೇ ಆಗಬೇಕು. ಪುಟ್ಟಮಾದಮ್ಮ ನನ್ನ ಕಡೆ ತಿರುಗಿ, “ನೀವೇ ಒಂದ್ ಕೈ ಹಾಕಿ ಸಾ. ಕ್ವಾಪ ಬುಡಿ” ಎಂದರು.

ಬಾಣಂತಿಯ ತಲೆಗೆ ವಿಷ ಏರಿಸಲು ನನ್ನನ್ನೇ ಕರೆಯುತ್ತಿದ್ದಾರೆ. ಒಲ್ಲೆ ಎಂದರೆ ಇನ್ನೊಬ್ಬರು ಬರುತ್ತಾರೆ. ಅರ್ಧ ಎತ್ತಿ, ಕೈ ಜಾರಿದ ಹಾಗೆ ಮಾಡಿ ಚೆಲ್ಲಿಬಿಡೋಣ ಎಂದುಕೊಂಡು ಬಗ್ಗಿದೆ.

ಆ ಕಡೆ ಅವಳು, ಈ ಕಡೆ ನಾನು ಹಿಡಿದು ಎತ್ತಿದೆವು. ಬಿಂದಿಗೆ ಏಳಲಿಲ್ಲ. ಉಸಿರು ಕಟ್ಟಿ ಮತ್ತೊಮ್ಮೆ ಎತ್ತಿದೆವು. ನನ್ನ ಮುಂಗೈ ನರ ಉಬ್ಬಿತು, ಅವಳ ಒಂದು ಬಳೆ ಚಟ್ಟನೆ ಒಡೆಯಿತು. ಬಿಂದಿಗೆ ಅಲುಗಲಿಲ್ಲ, ಒಳಗಿನ ನೀರೂ ತುಳುಕಲಿಲ್ಲ. ಪುಟ್ಟಮಾದಮ್ಮ ಬಾವಿಯನ್ನೂ ಮಗಳನ್ನೂ ನೋಡಿ, “ಬ್ಯಾಡ ಅಂತಾವ್ಳೆ ಕಣವ್ವ. ಸುರ್ದ್ಬುಡು” ಎಂದರು. ಮಾದೇವಿ ಕಂಠ ಹಿಡಿದು ವಾಲಿಸಿದಳು. ಬಿಂದಿಗೆ ಒಂದೇ ಕೈಗೆ ವಾಲಿತು, ಹಳದಿ ನೀರು ಚಪ್ಪಡಿಯ ಮೇಲೆ ಹರಿದುಹೋಯಿತು.

ಅಷ್ಟು ದಿನ ಬಡಕೊಂಡರೂ ನನ್ನ ಮಾತಿಗೆ ಸಿಗದ ಬೆಲೆ ಒಂದು ಬಿಂದಿಗೆಗೆ ಅರೆಗಳಿಗೆಯಲ್ಲಿ ಸಿಕ್ಕಿತು. ಇನ್ನು ಬಾವಿ ಮುಟ್ಟುವುದಿಲ್ಲ, ಟ್ಯಾಂಕರಿನಲ್ಲಿ ನೀರು ಕಳಿಸಿ ಎಂದು ಕೊಪ್ಪಲಿನವರು ಪಟ್ಟು ಹಿಡಿದರು. ಮ್ಯಾನೇಜರ್ ಜೀಪಿನಲ್ಲಿ ಓಡಿಬಂದು, “ಈ ಕಾಲದಲ್ಲೂ ಇಂಥ ಮೂಢನಂಬಿಕೆಯೇನ್ರಮ್ಮ?” ಎಂದು ಭಾಷಣ ಬಿಗಿದ. ಬಾವಿಗೆ ಸೀರೆ ಕಳಿಸಿದ ಮನುಷ್ಯ! ನಾಚಿಕೆ ಎನ್ನುವುದು ಎಳ್ಳಷ್ಟೂ ಇರಲಿಲ್ಲ. ಪುಟ್ಟಮಾದಮ್ಮ ಒಂದು ಚೊಂಬು ನೀರು ಸೇದಿ ಅವನ ಮುಂದೆ ಹಿಡಿದರು. “ಅಂಗಾರೆ ನೀವೇ ಕುಡೀರಿ ಬುದ್ದಿ.” ಅವನು ಗಡಿಯಾರ ನೋಡಿಕೊಂಡು ಜೀಪು ಹತ್ತಿದ. ಟ್ಯಾಂಕರ್ ಬಂತು. ನಾನು ಆ ಕೆಲಸ ಬಿಟ್ಟೆ.

ಬಿಂದಿಗೆಯ ವಿಷಯಕ್ಕೆ ನನ್ನದೇ ಒಂದು ಸಮಾಧಾನ ಇತ್ತು. ಮಾದೇವಿ ನನ್ನ ಮಾತು ಕೇಳಿಸಿಕೊಂಡಿದ್ದಳು. ತಾಯಿಗೆ ಎದುರಾಡಲಾರದೆ, ಎತ್ತುವವಳ ಹಾಗೆ ನಟಿಸುತ್ತ ಕೆಳಕ್ಕೆ ಅದುಮಿ ಹಿಡಿದಿದ್ದಾಳೆ. ಜಾಣೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು ನಾನು ಎಷ್ಟೋ ವರ್ಷ ನೆಮ್ಮದಿಯಾಗಿದ್ದೆ.

ಆಮೇಲೊಂದು ದಿನ ಅವಳು ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಪಕ್ಕದಲ್ಲಿ ಯೂನಿಫಾರಂ ತೊಟ್ಟ ಮಗಳು, ಅವತ್ತಿನ ಅದೇ ಕೂಸು. “ಅವತ್ತು ಬಿಂದಿಗೇನ ಚೆನ್ನಾಗಿ ಅದುಮಿ ಹಿಡಿದೆಯಲ್ಲಮ್ಮ” ಎಂದೆ.

ಅವಳು ಮೊದಲು ನಕ್ಕಳು. ಆಮೇಲೆ ನನ್ನ ಮುಖವನ್ನೇ ನೋಡಿದಳು. “ನಾನಾ? ಅವ್ವನ ಮಾತ್ ಮೀರಕ್ಕೆ ನಂಗೆಲ್ಲಿತ್ತು ಸಾ ಧೈರ್ಯ? ಬಳೆ ಒಡ್ದೋಗಂಗೆ ಎತ್ತಿದ್ನಲ್ಲ. ನೀವೇ ಅದುಮ್ಕಂಡಿದ್ರಿ ಅಂತ, ಈ ಮಗೀನ ನೋಡ್ದಾಗೆಲ್ಲ ನಿಮ್ಮುನ್ನ ನೆನುಸ್ಕಂಡು ಕೈ ಮುಗೀತಿವ್ನಿ.”

ಅಷ್ಟರಲ್ಲಿ ಬಸ್ಸು ಬಂತು. ಮಗಳನ್ನು ಮುಂದೆ ಹತ್ತಿಸಿ, ಕಿಟಕಿಯಿಂದ ನನಗೆ ಇನ್ನೊಮ್ಮೆ ಕೈ ಮುಗಿದು ಹೋದಳು. ನಾನು ಅದುಮಿರಲಿಲ್ಲ.